ಮೂರು ವಾರದಿಂದ ಮಗ ಮಾತು ಬಿಟ್ಟಿದ್ದಾನೆ

ಪ್ರಶ್ನೆ: ಡಾಕ್ಟ್ರೇ, ನಾನು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಕಡೆಯ ರೈತ. ವಯಸ್ಸು 44. ಆರು ಎಕರೆ ಕಬ್ಬಿದೆ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 15, ಹತ್ತನೇ ಕ್ಲಾಸು. ಸಣ್ಣವನಿಗೆ 10. ಮೂರು ವಾರದ ಹಿಂದೆ ದೊಡ್ಡವನು ಹೇಳದೆ ಕೇಳದೆ ನನ್ನ ಬೈಕ್ ತಗೊಂಡು, ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೋಗಿದ್ದ. ಚಹಾದಂಗಡಿ ಹತ್ತಿರ ಸಿಕ್ಕಿಬಿದ್ದ. ಸಿಟ್ಟು ತಡೆಯಲಿಲ್ಲ, ಎಲ್ಲರ ಮುಂದೆಯೇ ಕಪಾಳಕ್ಕೆ ಹೊಡೆದೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ನಾನು ಉಂಡು ಎದ್ದ ಮೇಲೆಯೇ ಊಟಕ್ಕೆ ಬರುತ್ತಾನೆ. ಶಾಲೆಗೆ ಹೋಗುತ್ತಾನೆ, ಗೆಳೆಯರ ಜೊತೆ, ಅವ್ವನ ಜೊತೆ ಚೆನ್ನಾಗಿಯೇ ಇದ್ದಾನೆ. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸೋದನ್ನು ಅವನಿಗೆ ನಾನೇ ಕಲಿಸಿದ್ದೆ. ಈಗ ಹೊಲದ ಕಡೆಯೂ ಬರುತ್ತಿಲ್ಲ. ಸಣ್ಣವನು ನಾನು ಬಂದರೆ ಅವ್ವನ ಹಿಂದೆ ಹೋಗಿ ನಿಲ್ಲುತ್ತಾನೆ. ನಮ್ಮಪ್ಪ ನನಗೆ ಬಾರುಕೋಲಿನಿಂದ ಹೊಡೆಯುತ್ತಿದ್ದ. ನಾನೇನು ಕೆಟ್ಟೆನೇ? ಅಪ್ಪನ ಜೊತೆ ಖುಷಿಯಾಗಿದ್ದ ನೆನಪು ಅಂದರೆ ಬ್ಯಾರೇಜು ಕಟ್ಟುವಾಗ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದದ್ದು, ಅದೊಂದೇ. ಈಗ ನಾನು ಏನು ಮಾಡಲಿ? ಬೈಕ್ ಕೀಲಿ ಬಚ್ಚಿಡಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮಕ್ಕಳ ಡಾಕ್ಟರ್ ಆಗಿ, ಎರಡನೇ ಸಲ ಅಪ್ಪನಾಗಿ. ನನಗೂ ಇಬ್ಬರು ಗಂಡುಮಕ್ಕಳು. ಈಗ ಒಬ್ಬನಿಗೆ 26, ಇನ್ನೊಬ್ಬನಿಗೆ 21. ಇಬ್ಬರ ಹರೆಯವನ್ನೂ ಬಾಗಲಕೋಟೆಯ ನವನಗರದ ಇದೇ ಮನೆಯಲ್ಲಿ ದಾಟಿದ್ದೇವೆ. ಬಾಗಿಲಿನ ಚಿಲಕವನ್ನು ಎರಡು ಸಲ ರಿಪೇರಿ ಮಾಡಿಸಿದ್ದೇನೆ. ಅದಕ್ಕೇ ಮೇಲೆ ನಿಂತು ಬುದ್ಧಿ ಹೇಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಮೊದಲು ಆ ಏಟಿನ ವಿಷಯ.

"ನಾನೇನು ಕೆಟ್ಟೆನೇ" ಎಂದು ಕೇಳಿದ್ದೀರಿ. ಕೆಟ್ಟಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಬಾರುಕೋಲಿನ ಏಟು ಯಾಕೆ ಬಿತ್ತು ಅನ್ನೋದು ನೆನಪಿದೆಯೇ? ನನ್ನ ಹತ್ತಿರ ಬರುವ ಅಪ್ಪಂದಿರಿಗೆಲ್ಲ ಇದನ್ನು ಕೇಳುತ್ತೇನೆ. ಕೋಲಿನ ಬಣ್ಣ, ಅದನ್ನು ಯಾವ ಗೂಟಕ್ಕೆ ತೂಗುಹಾಕಿದ್ದರು, ಬಿಡಿಸಿಕೊಳ್ಳಲು ಯಾರು ಬಂದರು, ಎಲ್ಲ ಹೇಳುತ್ತಾರೆ. ಕಾರಣ ಮಾತ್ರ ಹೊಳೆಯೋದಿಲ್ಲ. ತಲೆ ಕೆರೆದುಕೊಂಡು ನಗುತ್ತಾರೆ. ಏಟು ಕಲಿಸುವುದು ಅಷ್ಟೇ. ಆ ಹೊತ್ತಿಗೆ ಕೆಲಸ ನಿಲ್ಲುತ್ತದೆ, ಮುಂದಿನ ಸಲ ಹುಡುಗ ನಿಮಗೆ ಕಾಣದ ಹಾಗೆ ಮಾಡುತ್ತಾನೆ.

ನಿಮ್ಮ ಮಗನ ವಿಷಯದಲ್ಲಿ ಏಟಿಗಿಂತ ಜಾಸ್ತಿ ನೋವಾಗಿರುವುದು ಅದು ಬಿದ್ದ ಜಾಗದಿಂದ. ಹದಿನೈದರ ಹುಡುಗನ ಮಿದುಳು ಇನ್ನೂ ಅರ್ಧ ಕಟ್ಟಿದ ಮನೆ. ಆಸೆ, ಉಮೇದಿ, ಸಿಟ್ಟು ಹುಟ್ಟುವ ಕೋಣೆಗಳು ಆಗಲೇ ತಯಾರಾಗಿವೆ. ಹಿಂದೆಮುಂದೆ ಯೋಚಿಸಿ ತಡೆಯುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇಪ್ಪತ್ತೈದರ ಹತ್ತಿರ ಬರಬೇಕು. ಜೊತೆಗೆ ಈ ವಯಸ್ಸಿಗೆ ಗೆಳೆಯರ ಕಣ್ಣೇ ದೊಡ್ಡದು. ಒಬ್ಬನೇ ಇದ್ದಾಗ ಮಾಡದ ಭಂಡತನವನ್ನು ಮೂವರು ನೋಡುತ್ತಿದ್ದರೆ ಮಾಡುತ್ತಾನೆ. ಅವನು ಬೈಕ್ ತೆಗೆದದ್ದು ಆ ಕಣ್ಣುಗಳಿಗಾಗಿ. ನೀವು ಹೊಡೆದದ್ದೂ ಅದೇ ಕಣ್ಣುಗಳ ಮುಂದೆ. ಮನೆಯ ಪಡಸಾಲೆಯಲ್ಲಿ ಹೊಡೆದಿದ್ದರೆ ನಾಲ್ಕು ದಿನಕ್ಕೆ ಮಾತಾಡುತ್ತಿದ್ದನೇನೋ. ಹಾಗಂತ ಪಡಸಾಲೆಯಲ್ಲಿ ಹೊಡೆಯಿರಿ ಎಂದು ಹೇಳುತ್ತಿಲ್ಲ ಮತ್ತೆ!

ತಪ್ಪು ಒಪ್ಪಿಕೊಳ್ಳಿ. ಅಪ್ಪ ಮಗನ ಹತ್ತಿರ ತಪ್ಪಾಯಿತು ಅಂದರೆ ಮರ್ಯಾದೆ ಹೋಗುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿ. ನನ್ನ ಅನುಭವದಲ್ಲಿ ಹೋಗುವುದಿಲ್ಲ. ಉದ್ದ ಭಾಷಣ ಬೇಡ. "ತಮ್ಮಾ, ಅವತ್ತು ನಿನ್ನ ಗೆಳ್ಯಾರ ಮುಂದ ಕೈ ಮಾಡಿದೆ. ಅದು ನಂದು ತಪ್ಪು." ಇಷ್ಟೇ. ಇದಕ್ಕೆ ಬಾಲ ಅಂಟಿಸಬೇಡಿ. "ಆದ್ರ ನೀನೂ..." ಎಂದು ಶುರು ಮಾಡಿದರೆ ಹಿಂದಿನದೆಲ್ಲ ನೀರುಪಾಲು. ಬೈಕಿನ ಮಾತು ಬೇರೆ ದಿನಕ್ಕಿರಲಿ. ಸಣ್ಣವನು ಅಲ್ಲೇ ಎಲ್ಲೋ ಇರುವಾಗ ಹೇಳಿದರೆ ಇನ್ನೂ ಒಳ್ಳೆಯದು. ಅವನು ಅವ್ವನ ಹಿಂದೆ ನಿಂತು ಎಲ್ಲ ಲೆಕ್ಕ ಇಡುತ್ತಿದ್ದಾನೆ.

ದೊಡ್ಡವನು ಏನೂ ಹೇಳದೆ ಎದ್ದು ಹೋಗಬಹುದು. ಹೋಗಲಿ. ನೀವು ಹೇಳಿದ್ದನ್ನು ಕೇಳಿಸಿಕೊಂಡಿರುತ್ತಾನೆ.

ಈಗ ಬೈಕು. ತಪ್ಪೊಪ್ಪಿಕೊಂಡ ಖುಷಿಯಲ್ಲೋ ಪಶ್ಚಾತ್ತಾಪದಲ್ಲೋ ಇಲ್ಲಿ ಮೆತ್ತಗಾಗಬೇಡಿ. ಹೊಡೆದದ್ದು ತಪ್ಪು, ತಡೆದದ್ದು ಸರಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಈ ವಿಷಯದಲ್ಲಿ ಬಲು ಬಿಗಿ. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ಹಿಡಿಯುವುದು ಅಪ್ಪನನ್ನು ಅಥವಾ ಗಾಡಿಯ ಮಾಲೀಕನನ್ನು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಸಿಗೋದಿಲ್ಲ. ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ನಿಮ್ಮ ಬೈಕಿಗೆ ಅದು ನಡೆಯೋದಿಲ್ಲ. ಇದನ್ನು ಅವನಿಗೆ ಹೆದರಿಸುವ ದನಿಯಲ್ಲಿ ಹೇಳಬೇಡಿ. ಸೊಸೈಟಿ ಸಾಲದ ಲೆಕ್ಕ ಹೇಳುವ ಹಾಗೆ ಹೇಳಿ. 25ರ ತನಕ ಲೈಸೆನ್ಸಿಲ್ಲ ಅನ್ನೋದು ಹುಡುಗರಿಗೆ ಜೈಲಿಗಿಂತ ಬೇಗ ನಾಟುತ್ತದೆ. ನನ್ನ ಸಣ್ಣ ಮಗನಿಗೆ ನಾಟಿತ್ತು.

ಟ್ರ್ಯಾಕ್ಟರ್ ಮಾತೂ ಇಲ್ಲೇ ಬರಬೇಕು. ಹೊಲದಲ್ಲಿ ಸ್ಟೇರಿಂಗ್ ಕೊಟ್ಟು "ನಮ್ಮ ಹುಡುಗ ಈಗಲೇ ಪಕ್ಕಾ ಡ್ರೈವರ್" ಎಂದು ನಾಲ್ಕು ಜನರ ಮುಂದೆ ಹೇಳಿರುತ್ತೀರಿ. ನಾವೆಲ್ಲ ಹೇಳುತ್ತೇವೆ, ಹೆಮ್ಮೆ ಅಲ್ವಾ? ಅದೇ ಹುಡುಗ ಬೈಕ್ ಮುಟ್ಟಿದರೆ ಕಪಾಳಕ್ಕೆ ಏಟು. ಅವನ ತಲೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ನಿಜ ಹೇಳಬೇಕೆಂದರೆ ಬೈಕಿಗಿಂತ ಟ್ರ್ಯಾಕ್ಟರೇ ನನಗೆ ಜಾಸ್ತಿ ಭಯ. ಬದುವಿನ ಮೇಲೆ ಹತ್ತಿಸಿ ಪಲ್ಟಿಯಾದದ್ದು, ರೋಟವೇಟರಿಗೆ ಕಾಲು ಸಿಕ್ಕಿದ್ದು, ಇಂಥ ಹುಡುಗರನ್ನು ಕಂಡ ಮೇಲೆ ಆ ಹೆಮ್ಮೆ ನನಗೆ ಉಳಿದಿಲ್ಲ. ಬೈಕ್ ಬೇಡ ಅನ್ನುವುದಾದರೆ ಟ್ರ್ಯಾಕ್ಟರೂ ಬೇಡ. ಅದನ್ನು ಕೊಟ್ಟಿದ್ದೂ ನನ್ನ ತಪ್ಪೇ ಎಂದು ಸೇರಿಸಿ ಹೇಳಿ. ಬದಲಿಗೆ ಒಂದು ಒಳ್ಳೆ ಸೈಕಲ್ ಕೊಡಿಸಬಹುದು. ಸೈಕಲ್ ಅಂದರೆ ಬಡವರ ಗಾಡಿ ಎಂದು ಮುಖ ಸಿಂಡರಿಸುವ ಹಾಗಿಲ್ಲ. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ರಾಜ್ಯಕ್ಕೇ ಸೈಕ್ಲಿಂಗ್ ಹುಡುಗರನ್ನು ಕೊಟ್ಟ ಜಿಲ್ಲೆಗಳು.

ಇನ್ನು ಅವನ ಮೈಯಲ್ಲಿ ಏನು ನಡೆದಿದೆ ಅನ್ನೋದು ನಿಮಗೆ ಗೊತ್ತಿರಬೇಕು. ಹೆಣ್ಣುಮಕ್ಕಳು ದೊಡ್ಡವರಾದರೆ ಅವ್ವ, ಅಜ್ಜಿ, ಓಣಿಯ ಹೆಂಗಸರೆಲ್ಲ ಸೇರಿ ಆರತಿ ಮಾಡುತ್ತಾರೆ, ಏನೋ ಒಂದಿಷ್ಟು ಹೇಳಿಕೊಡುತ್ತಾರೆ. ಗಂಡು ಹುಡುಗ ದೊಡ್ಡವನಾಗುವುದು ಯಾರಿಗೂ ಗೊತ್ತೇ ಆಗೋದಿಲ್ಲ. ಹರೆಯ ಹುಡುಗರಲ್ಲಿ 9ರಿಂದ 14ರೊಳಗೆ ಯಾವಾಗ ಬೇಕಾದರೂ ಶುರುವಾಗುತ್ತದೆ. ಒಬ್ಬನಿಗೆ ಮೀಸೆ ಮೂಡಿದಾಗ ಪಕ್ಕದ ಬೆಂಚಿನವನು ಇನ್ನೂ ಮಗುವಿನ ಹಾಗೆ ಕಾಣಬಹುದು, ಇಬ್ಬರೂ ಸರಿಯಾಗಿಯೇ ಇರುತ್ತಾರೆ. 14 ತುಂಬಿದರೂ ಯಾವ ಗುರುತೂ ಕಾಣದಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಬೆಳವಣಿಗೆಯ ಜೋರು ಇರುವ ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಎತ್ತರ ಬರುತ್ತದೆ. ಕೈಕಾಲು ಮೊದಲು ಉದ್ದವಾಗುತ್ತವೆ. ತಂಬಿಗೆ ಬೀಳಿಸುತ್ತಾನೆ, ಹೊಸ್ತಿಲು ಎಡವುತ್ತಾನೆ. "ಕಣ್ಣು ಎಲ್ಲಿ ಅದಾವು" ಎಂದು ಬೈಯುತ್ತೇವೆ. ಕಣ್ಣು ಅಲ್ಲೇ ಇರುತ್ತವೆ, ಕಾಲು ಎಲ್ಲಿಗೆ ಮುಗಿಯುತ್ತದೆ ಅನ್ನೋದು ಅವನಿಗೇ ಹೊಸದು.

ಯಾರೂ ಹೇಳದ ಇನ್ನೊಂದಿದೆ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆಯ ಮೊಲೆತೊಟ್ಟಿನ ಕೆಳಗೆ ಗಂಟಿನ ಹಾಗೆ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಹುಡುಗರು ಗಾಬರಿ ಬೀಳುತ್ತಾರೆ. ಹೊಳೆಗೆ ಈಜಲು ಬರೋದಿಲ್ಲ ಅನ್ನುತ್ತಾರೆ, ಸೆಕೆಗಾಲದಲ್ಲೂ ಬನಿಯನ್ ತೆಗೆಯೋದಿಲ್ಲ. ಬಹುಪಾಲು ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗಿ ಬಟ್ಟೆ ಒದ್ದೆಯಾಗುವುದೂ ಅಷ್ಟೇ, ರೋಗವಲ್ಲ, ಶಕ್ತಿ ಸೋರಿಹೋಗುವುದೂ ಅಲ್ಲ. ಅಪ್ಪ ಇದನ್ನು ಎರಡು ವಾಕ್ಯದಲ್ಲಿ ಹೇಳಬಹುದು. ಅಪ್ಪ ಹೇಳದಿದ್ದರೆ ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ "ಗುಪ್ತರೋಗ" ಪೋಸ್ಟರು ಹೇಳುತ್ತದೆ, ಇಲ್ಲವೇ ಮೊಬೈಲು. ಆ ಪೋಸ್ಟರ್ ನಂಬಿ ಚಿನ್ನದ ಉಂಗುರ ಮಾರಿ ಔಷಧಿ ತಿಂದ ಹುಡುಗನನ್ನು ನಾನು ನೋಡಿದ್ದೇನೆ. ಏನೂ ಆಗಿರಲಿಲ್ಲ ಅವನಿಗೆ.

ನಿದ್ದೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹರೆಯಕ್ಕೆ ಬಂದ ಮೇಲೆ ಮೈಯೊಳಗಿನ ಗಡಿಯಾರ ಒಂದೆರಡು ತಾಸು ಹಿಂದೆ ಬೀಳುತ್ತದೆ. ಹತ್ತೂವರೆ ಹನ್ನೊಂದರ ತನಕ ನಿದ್ದೆ ಹತ್ತುವುದಿಲ್ಲ. ಆದರೆ ಎಂಟರಿಂದ ಹತ್ತು ತಾಸು ನಿದ್ದೆಯಂತೂ ಬೇಕು. ಐದಕ್ಕೆ ಎಬ್ಬಿಸಿ ಓದಲು ಕೂರಿಸಿದರೆ ಪುಸ್ತಕ ತೆರೆದಿರುತ್ತದೆ, ತಲೆ ಮುಚ್ಚಿರುತ್ತದೆ. ಹತ್ತನೇ ಕ್ಲಾಸಿನ ವರ್ಷ ಅಂತ ಎಲ್ಲ ಮನೆಯಲ್ಲೂ ಇದೇ ಗದ್ದಲ. ಸೋಮಾರಿತನ ಎಂದು ಬೈಯುವ ಮೊದಲು ಎಷ್ಟು ತಾಸು ಮಲಗಿದ್ದ ಎಂದು ಎಣಿಸಿ. ಮೊಬೈಲನ್ನು ರಾತ್ರಿ ಎಲ್ಲರದ್ದೂ ಒಂದೇ ಜಾಗದಲ್ಲಿ ಇಡಿ, ನಿಮ್ಮದೂ ಸೇರಿ. ಮೊಬೈಲ್ ಬಗ್ಗೆ ಇದಕ್ಕಿಂತ ಜಾಸ್ತಿ ಜಾಣತನ ನನ್ನ ಹತ್ತಿರ ಇಲ್ಲ.

ಸಣ್ಣವನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಕತೆ ಹೇಳಬೇಕು.

ನನ್ನ ದೊಡ್ಡ ಮಗನಿಗೂ ಹತ್ತು ವರ್ಷ ಇದ್ದಾಗ ಅವನನ್ನು ವಿಜಯಪುರದ ಒಂದು ಕೋಚಿಂಗ್ ಹಾಸ್ಟೆಲಿಗೆ ಹಾಕಿದೆ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ. ನಮ್ಮ ಕಡೆ ಇದೊಂದು ಹುಚ್ಚು, ನಿಮಗೆ ಗೊತ್ತೇ ಇದೆ. ಸೈನಿಕ, ನವೋದಯ, ಮೊರಾರ್ಜಿ, ಮೂರಕ್ಕೂ ಒಟ್ಟಿಗೆ ಓದಿಸುತ್ತಾರೆ. ಎರಡು ವಾರಕ್ಕೊಮ್ಮೆ ಭಾನುವಾರ ನೋಡಲು ಬಿಡುತ್ತಿದ್ದರು. ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದಳು. ಹಾಸ್ಟೆಲ್ ಅಂಗಳದ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಇಬ್ಬರೂ ಕೂರುತ್ತಿದ್ದೆವು. ಅವನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳವನ್ನು ತಿರುವುತ್ತಾ ಇರುತ್ತಿದ್ದ. ನಾನು ಕೇಳುತ್ತಿದ್ದೆ, ಗಣಿತ ಹೇಗಿದೆ, ಟೆಸ್ಟಿನಲ್ಲಿ ಎಷ್ಟು ಬಂತು, ಯಾರು ಫಸ್ಟು. ಅವನು ಹೇಳುತ್ತಿದ್ದ. ಒಂದು ಸಲ ಕಣ್ಣು ತುಂಬಿ ಬಂತು. "ಗಂಡಸು ಅಳತಾನೇನಲೇ" ಎಂದು ಬೆನ್ನು ತಟ್ಟಿ ಬಸ್ ಹತ್ತಿದೆ. ಅದನ್ನು ಧೈರ್ಯ ತುಂಬುವುದು ಎಂದುಕೊಂಡಿದ್ದೆ. ಮುಂದಿನ ಸಲ ಹೋದಾಗ ಹಳೆಯ ಡಬ್ಬಿ ವಾಪಸ್ ಕೊಟ್ಟ. ತೆರೆದರೆ ಹೋಳಿಗೆ ಹಾಗೆಯೇ ಇದ್ದವು, ಬೂಸ್ಟು ಹಿಡಿದು.

ಸೀಟು ಸಿಗಲಿಲ್ಲ, ಮನೆಗೆ ಬಂದ. ಆ ಡಬ್ಬಿಯ ಮಾತು ಇಬ್ಬರೂ ಎತ್ತಲಿಲ್ಲ. ಒಂಬತ್ತು ವರ್ಷದ ಮೇಲೆ, ಹತ್ತೊಂಬತ್ತರಲ್ಲಿ, ಒಂದು ರಾತ್ರಿ ಹುಬ್ಬಳ್ಳಿಯಿಂದ ಕಾರಿನಲ್ಲಿ ಬರುವಾಗ ತಾನೇ ಹೇಳಿದ. ಡಬ್ಬಿ ಖಾಲಿಯಾದರೆ ಮನೆಯ ವಾಸನೆ ಹೋಗುತ್ತದೆ ಎಂದು ತಿನ್ನದೆ ಇಟ್ಟುಕೊಂಡಿದ್ದನಂತೆ. ನನಗೆ ಗಾಡಿ ಬದಿಗೆ ಹಾಕಬೇಕಾಯಿತು. ದಿನಕ್ಕೆ ಅರವತ್ತು ಮಕ್ಕಳನ್ನು ನೋಡುವ ಡಾಕ್ಟರ್ ನಾನು.

ಹಾಸ್ಟೆಲ್ ಕೆಟ್ಟದ್ದು ಎಂದು ಹೇಳಲು ಇದನ್ನು ಬರೆದಿಲ್ಲ. ಎಷ್ಟೋ ಮಕ್ಕಳು ಅಲ್ಲಿ ಚೆನ್ನಾಗಿ ಬೆಳೆದಿದ್ದಾರೆ. ನಾನು ಎದುರಿಗೆ ಕೂತು ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ, ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಕತ್ತಲಲ್ಲಿ, ಇಬ್ಬರೂ ರಸ್ತೆ ನೋಡುತ್ತಿರುವಾಗ, ನಾನು ಏನೂ ಕೇಳದಿದ್ದಾಗ ಹೇಳಿದ. ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೇ. ಬ್ಯಾರೇಜಿನ ಸಾಲು. 1989ರಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿದ ಬ್ಯಾರೇಜು ಅದು, ಶ್ರಮಬಿಂದು ಸಾಗರ. ನಿಮಗಾಗ ಏಳೆಂಟು ವರ್ಷ ಇರಬೇಕು. ನಿಮ್ಮಪ್ಪ ಅಲ್ಲಿ ನಿಮಗೆ ಪ್ರೀತಿಯ ಮಾತೇನಾದರೂ ಆಡಿದ್ದರೇ? ಅನುಮಾನ. ನಮ್ಮ ಅಪ್ಪಂದಿರಿಗೆ ಅದು ಬರುತ್ತಲೇ ಇರಲಿಲ್ಲ. ಅವರು ಕೆಲಸ ಮಾಡುತ್ತಿದ್ದರು, ನೀವು ಪಕ್ಕದಲ್ಲಿದ್ದಿರಿ, ನೀರು ತಂದುಕೊಟ್ಟಿರಬಹುದು. ನಲವತ್ತನಾಲ್ಕರಲ್ಲೂ ಅದನ್ನು ನೆನೆಸುತ್ತೀರಿ.

ಸಣ್ಣವನಿಗೆ ಈಗ ಹೆಚ್ಚುಕಡಿಮೆ ಅದೇ ವಯಸ್ಸು. ಹತ್ತರ ಹುಡುಗ ಕರೆಯದಿದ್ದರೂ ಅಪ್ಪನ ಹಿಂದೆ ಬರುತ್ತಾನೆ, ಇನ್ನೆರಡು ವರ್ಷ ಮಾತ್ರ. ಎಳ್ಳಮಾಸೆಗೆ ಚರಗ ಚೆಲ್ಲುವಾಗ ಬುಟ್ಟಿ ಅವನ ಕೈಗೆ ಕೊಡಿ. ಪಂಚಮಿಗೆ ಜೋಕಾಲಿ ಕಟ್ಟುವಾಗ ಹಗ್ಗದ ಗಂಟು ಕಲಿಸಿ. ಎಮ್ಮೆ ತೊಳೆಯಲು ಹೋದರೆ ಕರೆದುಕೊಂಡು ಹೋಗಿ. ಹೊಡೆಯೋದಿಲ್ಲ ಅನ್ನುವುದು ಅವನಿಗೆ ಮಾತಿನಿಂದ ಗೊತ್ತಾಗುವುದಿಲ್ಲ. ತಂಬಿಗೆ ಬೀಳಿಸಿದ ದಿನ ನಿಮ್ಮ ಕೈ ಎಲ್ಲಿತ್ತು ಅನ್ನುವುದರಿಂದ ಗೊತ್ತಾಗುತ್ತದೆ.

ದೊಡ್ಡವನನ್ನು ಹೀಗೆ ಕರೆದರೆ ಬರುವುದಿಲ್ಲ, ಅವನಿಗೆ ಬೇರೆ ದಾರಿ. ನಿಮ್ಮ ಕಡೆ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಹೋಗುತ್ತೀರಲ್ಲ, ಶನಿವಾರದ ಪಾಳಿಗೆ ಒಬ್ಬರು ಬೇಕು ಎಂದು ಕೇಳಿ. ಮಗನಾಗಿ ಅಲ್ಲ, ಆಳು ಬಂದಿಲ್ಲ ಎಂದು ಗೆಳೆಯನನ್ನು ಕೇಳುವ ಹಾಗೆ. "ಬ್ಯಾಟರಿ ಹಿಡಿಯಾಕ ಒಬ್ರು ಬೇಕಾಗಿತ್ತು" ಅಂದರೆ ಸಾಕು. ಒಲ್ಲೆ ಅಂದರೆ ಸುಮ್ನೆ ಹೋಗಿಬಿಡಿ, ಮುಂದಿನ ವಾರ ಮತ್ತೆ ಕೇಳಿ. ಬಂದರೆ ಓದು, ಮಾರ್ಕ್ಸು, ಬೈಕು ಯಾವುದೂ ಬೇಡ. ಮಡಿ ತಿರುವಿ, ಬದುವಿನ ಮೇಲೆ ಕೂತು ಚಹಾ ಕುಡಿಯಿರಿ. ನಿಮ್ಮ ಹದಿನೈದರ ಒಂದು ಭಂಡತನ ಹೇಳಿ. ನೀವು ಗೆದ್ದದ್ದಲ್ಲ, ಮೂತಿ ಕೆಡಿಸಿಕೊಂಡದ್ದು.

ಹೊಳೆಯಂಥ ದೊಡ್ಡ ಮಾತುಕತೆ ಆಗುತ್ತದೆ ಎಂದು ಕಾಯಬೇಡಿ. ಮೊದಲು ಬರುವುದು "ಹೂಂ". ಆಮೇಲೆ "ಗೊತ್ತಿಲ್ಲ". ನನ್ನ ಸಣ್ಣ ಮಗ ಹದಿನಾರರಲ್ಲಿ ಒಂದು ತಿಂಗಳು ಪೂರ್ತಿ ಈ ಎರಡೇ ಮಾತಿನಲ್ಲಿ ಸಂಸಾರ ಮಾಡಿದ.

ನೀವು ಹೆಂಡತಿಯ ಬಗ್ಗೆ ಏನೂ ಬರೆದಿಲ್ಲ. ಈ ಮೂರು ವಾರ ಮಗನ ಸಿಟ್ಟನ್ನೂ ನಿಮ್ಮ ಸಿಟ್ಟನ್ನೂ ಹೊತ್ತವರು ಅವರೇ ಇರಬೇಕು. "ನೀನೇ ಅವನ್ನ ತಲಿಮ್ಯಾಲ ಕೂಡಿಸಿಕೊಂಡಿ" ಎಂದು ಅವರ ಮೇಲೆ ಹಾಯ್ದಿದ್ದರೆ ಅದಕ್ಕೂ ತಪ್ಪಾಯಿತು ಅನ್ನಬೇಕು. ಗಂಡಸಾಗುವುದು ಹೇಗೆ ಅನ್ನುವುದನ್ನು ಹುಡುಗರು ಅಪ್ಪ ಅವ್ವನ ಜೊತೆ ಮಾತಾಡುವ ದನಿಯಿಂದಲೇ ಕಲಿಯುತ್ತಾರೆ.

ಈಗ ಡಾಕ್ಟರಾಗಿ ಒಂದು ಎಚ್ಚರಿಕೆ. ನಿಮ್ಮ ಮಗ ಗೆಳೆಯರ ಜೊತೆ ಚೆನ್ನಾಗಿದ್ದಾನೆ, ಉಣ್ಣುತ್ತಾನೆ, ಶಾಲೆಗೆ ಹೋಗುತ್ತಾನೆ. ಇದು ಸಿಟ್ಟು, ಕಾಯಿಲೆಯಲ್ಲ. ಆದರೆ ಗೆಳೆಯರನ್ನೂ ಬಿಟ್ಟ, ಊಟ ನಿದ್ದೆ ಎರಡೂ ಕೆಟ್ಟವು, ಇಷ್ಟದ ಆಟವೂ ಬೇಡವಾಯಿತು, ಎರಡು ವಾರವಾದರೂ ಹಾಗೆಯೇ ಇದ್ದಾನೆ ಅಂದರೆ ತೋರಿಸಬೇಕು. ಸಾಯುವ ಮಾತು ತಮಾಷೆಗೆ ಆಡಿದರೂ ಅವತ್ತೇ ಕೂರಿಸಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎನ್ನುವುದು ತಪ್ಪು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ವೈದ್ಯರನ್ನು ಕೇಳಬಹುದು. ಇನ್ನೊಂದು, ಇದನ್ನು ಇವತ್ತೇ ಮಾಡಿ. ಕಬ್ಬಿಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳು ಮನೆಯ ಮೂಲೆಯಲ್ಲೋ ದನದ ಕೊಟ್ಟಿಗೆಯ ಗೂಡಿನಲ್ಲೋ ಇದ್ದರೆ ಕೀಲಿ ಇರುವ ಪೆಟ್ಟಿಗೆಗೆ ಹಾಕಿ. ಮಗ ಸರಿಯಾಗಿದ್ದಾನೆ ಎಂದು ಅನಿಸಿದರೂ ಹಾಕಿ. ಬೆಳೆದ ಮಕ್ಕಳಿರುವ ಪ್ರತಿ ರೈತರ ಮನೆಗೂ ಇದನ್ನು ಹೇಳುತ್ತೇನೆ. ಒಂದು ಗಳಿಗೆಯ ಸಿಟ್ಟಿನ ಕೈಗೆ ಅದು ಸಿಗಬಾರದು.

ಕೊನೆಗೆ ಬೈಕ್ ಕೀಲಿ. ಬಚ್ಚಿಡಬೇಡಿ. ಬಚ್ಚಿಟ್ಟದ್ದನ್ನು ಹುಡುಕುವುದು ಈ ವಯಸ್ಸಿಗೆ ಆಟ. "ಕೀಲಿ ನನ್ನ ಕಿಸೆದಾಗ ಇರ್ತೈತಿ, ಹದಿನೆಂಟು ತುಂಬೂತನ" ಎಂದು ಅವನಿಗೆ ಹೇಳಿಯೇ ಕಿಸೆಗೆ ಹಾಕಿಕೊಳ್ಳಿ. ತುಂಬಿದ ದಿನ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿಸಿ. ಅದು ಕೈಗೆ ಬಂದ ಮೇಲೆ ಎಲ್ ಬೋರ್ಡ್ ಕಟ್ಟಿ ಅವನು ಓಡಿಸಲಿ, ಹಿಂದಿನ ಸೀಟಿನಲ್ಲಿ ನೀವು ಕೂತುಕೊಳ್ಳಿ. ಹೆಲ್ಮೆಟ್ ಎರಡು ತಗೊಳ್ಳಿ, ಒಂದಲ್ಲ. ಮೊದಲ ಸಲ ಆ ಚಹಾದಂಗಡಿಗೇ ಹೋಗಿ ಬನ್ನಿ.